ಓದುಗರ ಪ್ರಶ್ನೆ, ನಮ್ಮ ಉತ್ತರ: ಆ ದಿನ ಯಾಕೆ ಹಬ್ಬ, ಈ ದಿನ ಯಾಕೆ ರಜೆ?

ಈ ಸಲದ ಅಂಚೆಯಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಪತ್ರಗಳೇ ಜಾಸ್ತಿ. ಎಲ್ಲವೂ ಹೆಚ್ಚುಕಡಿಮೆ ಒಂದೇ ವಿಷಯದ ಸುತ್ತ. ನಾವು ವರ್ಷ ವರ್ಷ ಮಾಡುವ ಹಬ್ಬ, ಜಯಂತಿ, ಉತ್ಸವ, ಸರ್ಕಾರ ಕೊಡುವ ರಜೆ, ಇವೆಲ್ಲ ಎಲ್ಲಿಂದ ಬಂದವು? ಆ ತಾರೀಖನ್ನು ಗೊತ್ತು ಮಾಡಿದವರು ಯಾರು? ಪತ್ರಗಳನ್ನು ಸ್ವಲ್ಪ ಚಿಕ್ಕದು ಮಾಡಿ ಒಟ್ಟಿಗೆ ಕೊಟ್ಟಿದ್ದೇವೆ.

ಪ್ರಶ್ನೆ: ಸರ್, ನಾನು ಬೈಲಹೊಂಗಲ ತಾಲ್ಲೂಕಿನಲ್ಲಿ ಪ್ರಾಥಮಿಕ ಶಾಲೆ ಶಿಕ್ಷಕಿ. ಅಕ್ಟೋಬರ್ 23ಕ್ಕೆ ಕಿತ್ತೂರು ಉತ್ಸವ ಶುರುವಾಗುತ್ತದೆ ಅಂತ ಮಕ್ಕಳಿಗೆ ಗೊತ್ತು. ಆ ದಿನವೇ ಯಾಕೆ ಅಂದರೆ "ಚೆನ್ನಮ್ಮನ ಹುಟ್ಟುಹಬ್ಬ ಟೀಚರ್" ಅಂತಾರೆ. ಸರಿಯಾಗಿ ಹೇಳಿಕೊಡೋಕೆ ಆಗುವ ಹಾಗೆ ಬಿಡಿಸಿ ಬರೆಯಿರಿ.

ಉತ್ತರ: ಹುಟ್ಟಿದ ದಿನ ಅಲ್ಲ ಟೀಚರ್, ಗೆದ್ದ ದಿನ.

1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಸಂಸ್ಥಾನದವರು ಒಬ್ಬ ಹುಡುಗನನ್ನು ದತ್ತು ತೆಗೆದುಕೊಂಡರು. ಧಾರವಾಡದಲ್ಲಿದ್ದ ಕಂಪನಿ ಸರ್ಕಾರದ ಕಲೆಕ್ಟರ್ ಥ್ಯಾಕರೆ ಈ ದತ್ತು ನಡೆಯುವುದಿಲ್ಲ ಅಂದ. ಖಜಾನೆಗೆ ಮುದ್ರೆ ಹಾಕಿಸಿದ, ಕಾವಲು ಇಟ್ಟ. ದತ್ತು ಒಪ್ಪದೆ ರಾಜ್ಯ ನುಂಗುವ ಈ ಆಟ ಡಾಲ್‌ಹೌಸಿ ಕಾಲದ್ದು ಅಂತ ಪುಸ್ತಕದಲ್ಲಿ ಓದಿರುತ್ತೇವೆ, ಝಾನ್ಸಿಯ ಪಾಠದಲ್ಲಿ. ಆದರೆ ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ. ಕಿತ್ತೂರಿನವರು ಅದೇ ಅನ್ಯಾಯವನ್ನು 24 ವರ್ಷ ಮೊದಲೇ ಕಂಡು, ಎದ್ದು ನಿಂತಿದ್ದರು. ಇದನ್ನು ಮಕ್ಕಳಿಗೆ ಒತ್ತಿ ಹೇಳಿ.

ಅಕ್ಟೋಬರ್ 23ಕ್ಕೆ ಕೋಟೆ ಬಾಗಿಲು ಮುಚ್ಚಿತ್ತು. ತೆಗೆಯದಿದ್ದರೆ ತೋಪಿನಿಂದ ಒಡೆಸುತ್ತೇನೆ ಅಂತ ಥ್ಯಾಕರೆ ಹೆದರಿಸಿದ. ಬಾಗಿಲು ತೆರೆಯಿತು, ಆದರೆ ಒಳಗಿಂದ ನುಗ್ಗಿ ಬಂದದ್ದು ಕಿತ್ತೂರಿನ ಸೈನ್ಯ. ಥ್ಯಾಕರೆ ಅಲ್ಲೇ ಬಿದ್ದ. ಅವನಿಗೆ ಗುಂಡು ಹೊಡೆದವನು ಅಮಟೂರು ಬಾಳಪ್ಪ ಅಂತ ನಮ್ಮ ಕಡೆ ಇವತ್ತಿಗೂ ಲಾವಣಿ ಕಟ್ಟಿ ಹಾಡುತ್ತಾರೆ. ಸ್ಟೀವನ್ಸನ್, ಎಲಿಯಟ್ ಅನ್ನುವ ಇಬ್ಬರು ಅಧಿಕಾರಿಗಳು ಸೆರೆ ಸಿಕ್ಕರು. ಚೆನ್ನಮ್ಮ ಅವರ ಕೂದಲೂ ಕೊಂಕದಂತೆ ನೋಡಿಕೊಂಡಳು. ಈ ಎಲಿಯಟ್ ಮುಂದೆ ನಮ್ಮ ಭಾಗದ ಶಾಸನಗಳನ್ನು ಊರೂರು ತಿರುಗಿ ನಕಲು ಮಾಡಿಸಿದ ವಾಲ್ಟರ್ ಎಲಿಯಟ್. ಸುಮಾರು 600 ಶಾಸನ. ಕನ್ನಡ ನಾಡಿನ ಇತಿಹಾಸ ಬರೆದವರು ಮೊದಲು ಕೈ ಹಾಕಿದ ಸಂಗ್ರಹಗಳಲ್ಲಿ ಅದೂ ಒಂದು. ಅವತ್ತು ಕಿತ್ತೂರಿನವರು ಸಿಟ್ಟಿನಲ್ಲಿ ಅವನನ್ನು ಮುಗಿಸಿದ್ದರೆ ಆ ಕೆಲಸ ಅವನ ಕೈಯಿಂದ ಆಗುತ್ತಿರಲಿಲ್ಲ.

ಇನ್ನೊಂದು ಭಾಗವನ್ನೂ ಬಿಡಬೇಡಿ. ಉತ್ಸವದ ಭಾಷಣಗಳಲ್ಲಿ ಅದು ಜಾಸ್ತಿ ಬರುವುದಿಲ್ಲ. ಡಿಸೆಂಬರಿನಲ್ಲಿ ಕಂಪನಿ ಬಹಳ ದೊಡ್ಡ ಸೈನ್ಯ ತಂದಿತು, ಕಿತ್ತೂರು ಬಿತ್ತು. ಚೆನ್ನಮ್ಮನನ್ನು ನಿಮ್ಮ ಬೈಲಹೊಂಗಲದ ಕೋಟೆಯಲ್ಲೇ ಸೆರೆ ಇಟ್ಟರು. 1829ರಲ್ಲಿ ಅಲ್ಲೇ ತೀರಿಕೊಂಡಳು. ಸಮಾಧಿಯೂ ನಿಮ್ಮ ಊರಲ್ಲೇ ಇದೆ. ಉತ್ಸವದ ಮುಂಚೆ ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿ, ಬೇರೆ ಯಾವ ಪಾಠವೂ ಅಷ್ಟು ಚೆನ್ನಾಗಿ ಆಗಲ್ಲ.

ಪ್ರಶ್ನೆ: ನಾನು ಖಾನಾಪುರದ ಪಿಯುಸಿ ವಿದ್ಯಾರ್ಥಿ. ಸಂಗೊಳ್ಳಿ ರಾಯಣ್ಣ ಹುಟ್ಟಿದ್ದು ಆಗಸ್ಟ್ 15, ಗಲ್ಲಿಗೇರಿದ್ದು ಜನವರಿ 26. ಅದಕ್ಕೇ ಸರ್ಕಾರ ಈ ಎರಡು ದಿನಗಳನ್ನು ಆರಿಸಿತು ಅಂತ ವಾಟ್ಸಾಪಿನಲ್ಲಿ ಬರುತ್ತದೆ. ನಿಜಾನಾ?

ಉತ್ತರ: ದಿನಗಳು ಕೂಡಿ ಬಂದಿವೆ ತಮ್ಮಾ, ಆದರೆ ಕಾರಣ ಅದಲ್ಲ.

ರಾಯಣ್ಣ ಹುಟ್ಟಿದ್ದು 1798ರ ಆಗಸ್ಟ್ 15 ಅಂತ ರೂಢಿಯಲ್ಲಿದೆ. ಗಲ್ಲಿಗೆ ಹಾಕಿದ್ದು 1831ರ ಜನವರಿ 26, ನಿಮ್ಮ ತಾಲ್ಲೂಕಿನ ನಂದಗಡದಲ್ಲಿ. ದೇಶದ ಎರಡು ದಿನಗಳ ಕಥೆ ಬೇರೆ. 1929ರ ಡಿಸೆಂಬರಿನಲ್ಲಿ ಲಾಹೋರ್ ಕಾಂಗ್ರೆಸ್ ಅಧಿವೇಶನ ಪೂರ್ಣ ಸ್ವರಾಜ್ಯವೇ ಗುರಿ ಅಂತ ತೀರ್ಮಾನ ಮಾಡಿತು. 1930ರ ಜನವರಿ 26ರಂದು ದೇಶದಾದ್ಯಂತ ಜನ ಸ್ವಾತಂತ್ರ್ಯದ ಪ್ರತಿಜ್ಞೆ ಮಾಡಿದರು. ಆಮೇಲೆ ವರ್ಷ ವರ್ಷ ಅದೇ ದಿನ ಸ್ವಾತಂತ್ರ್ಯ ದಿನ ಅಂತ ನಡೆಯುತ್ತಿತ್ತು. ಆದರೆ ನಿಜವಾದ ಸ್ವಾತಂತ್ರ್ಯ ಆಗಸ್ಟ್ 15ಕ್ಕೆ ಬಂತು. ಆ ತಾರೀಖು ಮೌಂಟ್‌ಬ್ಯಾಟನ್ ಆರಿಸಿದ್ದು. 1945ರ ಅದೇ ದಿನ ಜಪಾನ್ ಶರಣಾಗಿತ್ತು, ಅದು ಅವನ ಮನಸ್ಸಿನಲ್ಲಿತ್ತು. ಹಾಗಾದರೆ 26 ಜನವರಿ ಸುಮ್ನೆ ಹೋಗಬೇಕಾ? ಬೇಡ ಅಂತಲೇ, ಸಂವಿಧಾನ 1949ರ ನವೆಂಬರ್ 26ಕ್ಕೆ ಅಂಗೀಕಾರವಾಗಿದ್ದರೂ, ಪೂರ್ತಿ ಜಾರಿಗೆ ತರಲು ಎರಡು ತಿಂಗಳು ಕಾದರು.

ಹಾಗಂತ ರಾಯಣ್ಣನ ದಿನಕ್ಕೆ ತೂಕ ಕಡಿಮೆ ಆಗಲ್ಲ. ನಂದಗಡದಲ್ಲಿ ಅವನ ಸಮಾಧಿ ಮೇಲೆ ಆಲದ ಮರ ಇದೆ. ಅದನ್ನು ನೆಟ್ಟವನು ಅವನ ಜೊತೆಗಾರ ಬಿಚ್ಚುಗತ್ತಿ ಚೆನ್ನಬಸಪ್ಪ ಅಂತ ಜನ ಹೇಳುತ್ತಾರೆ. ಮಕ್ಕಳಾಗಲಿ ಅಂತ ಹರಕೆ ಹೊತ್ತವರು ಆ ಮರಕ್ಕೆ ಪುಟ್ಟ ಪುಟ್ಟ ತೊಟ್ಟಿಲು ಕಟ್ಟುತ್ತಾರೆ. ರಾಯಣ್ಣನಂಥ ಮಗ ಬೇಕು ಅಂತ ಕೇಳಿಕೊಳ್ಳುತ್ತಾರೆ. ವಾಟ್ಸಾಪಿನ ಕಥೆಯ ಹಂಗೇ ಇಲ್ಲದೆ ಜನ ಅವನನ್ನು ಇಷ್ಟು ಹತ್ತಿರ ಇಟ್ಟುಕೊಂಡಿದ್ದಾರೆ. ನನಗೆ ಇದೇ ದೊಡ್ಡದು ಅನಿಸುತ್ತದೆ.

ಪ್ರಶ್ನೆ: ಗುಳೇದಗುಡ್ಡದ ನೇಕಾರ ನಾನು. ಯುಗಾದಿ ದಿನ ಪಂಚಾಂಗ ಓದುವಾಗ ಸ್ವಾಮಿಗಳು "ಶಾಲಿವಾಹನ ಶಕೆ ಇಷ್ಟು" ಅಂತಾರೆ. ಯಾರು ಈ ಶಾಲಿವಾಹನ? ಈ ಲೆಕ್ಕ ನಮ್ಮ ಕಡೆ ಎಷ್ಟು ಹಳೆಯದು?

ಉತ್ತರ: ಯಜಮಾನ್ರೇ, ಈ ಪ್ರಶ್ನೆಗೆ ಉತ್ತರ ನಿಮ್ಮ ಮನೆಯಿಂದ ಬಸ್ಸಿನಲ್ಲಿ ಸ್ವಲ್ಪ ಹೊತ್ತಿನ ದಾರಿಯಲ್ಲೇ ಇದೆ, ಬಾದಾಮಿಯಲ್ಲಿ.

ಶಕ ವರ್ಷ ಶುರುವಾಗುವುದು ಕ್ರಿ.ಶ. 78ರಿಂದ. ಯುಗಾದಿ ಆದ ಮೇಲೆ ಇಂಗ್ಲಿಷ್ ಇಸವಿಯಿಂದ 78 ಕಳೆದರೆ ಶಕೆ ಬರುತ್ತದೆ. 2024ರ ಯುಗಾದಿಗೆ ಶಕೆ 1946 ಆಯಿತು. ಇದು ಶಕ ಅನ್ನುವ ಅರಸರ ಕಾಲದಿಂದ ಎಣಿಸಿದ ಲೆಕ್ಕ. ಹಳೆಯ ಶಾಸನಗಳಲ್ಲಿ ಶಾಲಿವಾಹನನ ಸುದ್ದಿಯೇ ಇಲ್ಲ. ಆ ಹೆಸರು ಎಷ್ಟೋ ಶತಮಾನದ ನಂತರ ಅಂಟಿಕೊಂಡದ್ದು.

ಈಗ ಬಾದಾಮಿಗೆ ಬನ್ನಿ. ಚಾಲುಕ್ಯರ ಒಂದನೇ ಪುಲಿಕೇಶಿ ಅಲ್ಲಿ ಕೋಟೆ ಕಟ್ಟಿಸಿ ಬಂಡೆಯ ಮೇಲೆ ಬರೆಸಿದ ಶಾಸನ ಇದೆ. ಅದರಲ್ಲಿ ಶಕ ವರ್ಷ 465 ಅಂತ ಸ್ಪಷ್ಟವಾಗಿ ಕೆತ್ತಿದ್ದಾರೆ, ಅಂದರೆ ಕ್ರಿ.ಶ. 543. ಶಕ ವರ್ಷ ಅಂತ ಹೆಸರು ಹೇಳಿ ತೇದಿ ಹಾಕಿದ ಅತಿ ಹಳೆಯ ಶಾಸನಗಳಲ್ಲಿ ಅದು ಮುಖ್ಯವಾದದ್ದು. ಪಂಚಾಂಗದಲ್ಲಿ ನೀವು ಕೇಳುವ ಲೆಕ್ಕ ನಮ್ಮ ನೆಲದಲ್ಲಿ ಸುಮಾರು 1,500 ವರ್ಷದಿಂದ ಕಲ್ಲಿನ ಮೇಲೆ ಇದೆ!

ಅಲ್ಲೇ ಮೂರನೇ ಗುಹೆಗೆ ಹತ್ತಿ ಹೋಗಿ. ಹೆಚ್ಚಿನವರು ದೊಡ್ಡ ವಿಷ್ಣುವಿನ ಮುಂದೆ ಫೋಟೊ ಹೊಡೆಸಿಕೊಂಡು ಇಳಿದುಬಿಡುತ್ತಾರೆ. ಕಂಬದ ಮೇಲಿನ ಅಕ್ಷರ ಯಾರೂ ನೋಡುವುದಿಲ್ಲ. ಅದು ಮಂಗಳೇಶನ ಶಾಸನ. ಶಕ ರಾಜನ ಪಟ್ಟಾಭಿಷೇಕದಿಂದ 500 ವರ್ಷ ಕಳೆದಾಗ, ಕಾರ್ತಿಕ ಹುಣ್ಣಿಮೆಯ ದಿನ, ಈ ಗುಹಾಲಯದಲ್ಲಿ ವಿಷ್ಣುವನ್ನು ಸ್ಥಾಪಿಸಿದೆವು ಅಂತ ಅದರಲ್ಲಿದೆ. ಕ್ರಿ.ಶ. 578. ಪುಣ್ಯ ಮಾತ್ರ ತನ್ನ ಅಣ್ಣ ಕೀರ್ತಿವರ್ಮನಿಗೆ ಸೇರಲಿ ಅಂತ ಬರೆಸಿದ್ದಾನೆ. ನಾವು ಕಾರ್ತಿಕದಲ್ಲಿ ದೀಪ ಹಚ್ಚುವ ಅದೇ ಹುಣ್ಣಿಮೆ. ಒಂದು ಹಬ್ಬದ ದಿನ ಇಷ್ಟು ಹಳೆಯದು ಅಂತ ಕಲ್ಲಿನ ಮೇಲೆ ತೋರಿಸಬಹುದಾದ ಜಾಗ ಎಷ್ಟು ಇರುತ್ತವೆ ಹೇಳಿ! ಪಕ್ಕದ ಐಹೊಳೆಯ ಮೇಗುತಿಯಲ್ಲಿ ರವಿಕೀರ್ತಿ ಬರೆದ ಶಾಸನ ಶಕ 556ರದ್ದು, ಕ್ರಿ.ಶ. 634. ಅದರಲ್ಲಿ ಶಕೆಯ ಜೊತೆಗೆ ಕಲಿಯುಗದ ಲೆಕ್ಕವನ್ನೂ, ಭಾರತ ಯುದ್ಧ ಆಗಿ ಎಷ್ಟು ವರ್ಷ ಅಂತಲೂ ಕೊಟ್ಟಿದ್ದಾನೆ.

ಇನ್ನೊಂದು ಮಾತು. ಕೇಂದ್ರ ಸರ್ಕಾರದ ರಾಷ್ಟ್ರೀಯ ಪಂಚಾಂಗವೂ ಇದೇ ಶಕೆಯದ್ದು. ವಿಜ್ಞಾನಿ ಮೇಘನಾದ ಸಾಹಾ ಅವರ ಸಮಿತಿಯ ಸಲಹೆಯಂತೆ 1957ರ ಮಾರ್ಚ್ 22ರಿಂದ ಅದು ಜಾರಿಯಲ್ಲಿದೆ. ಅದು ಸೂರ್ಯನ ಲೆಕ್ಕದ್ದು, ಹಾಗಾಗಿ ಅದರ ಚೈತ್ರ 1 ನಮ್ಮ ಯುಗಾದಿ ಪಾಡ್ಯದ ದಿನವೇ ಬರುವುದಿಲ್ಲ. ಗೊಂದಲ ಮಾಡಿಕೊಳ್ಳಬೇಡಿ.

ಪ್ರಶ್ನೆ: ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಪ್ರತಿ ವರ್ಷ ಎತ್ತು ಕೊಳ್ಳುತ್ತೇನೆ, ಮಾರುತ್ತೇನೆ. ಸಂಕ್ರಾಂತಿ ಒಮ್ಮೆ 14, ಒಮ್ಮೆ 15 ಯಾಕೆ ಬರುತ್ತದೆ? ಬೇರೆ ಹಬ್ಬದ ಹಾಗೆ ತಿಂಗಳುಗಟ್ಟಲೆ ಯಾಕೆ ಹಿಂದೆಮುಂದೆ ಆಗಲ್ಲ?

ಉತ್ತರ: ಬೇರೆ ಹಬ್ಬಗಳು ಚಂದ್ರನ ಹಿಂದೆ ಹೋಗುತ್ತವೆ, ಸಂಕ್ರಾಂತಿ ಸೂರ್ಯನ ಹಿಂದೆ. ಸೂರ್ಯ ಮಕರ ರಾಶಿಗೆ ಬರುವ ಹೊತ್ತು ಪ್ರತಿ ವರ್ಷ ಸುಮಾರು 6 ತಾಸು ಮುಂದೆ ಹೋಗುತ್ತದೆ. ನಾಲ್ಕು ವರ್ಷಕ್ಕೊಮ್ಮೆ ಫೆಬ್ರುವರಿ 29 ಬಂದು ಅದನ್ನು ಹಿಂದಕ್ಕೆ ಎಳೆಯುತ್ತದೆ. 14, 15ರ ಆಟ ಇಷ್ಟೇ.

ಆದರೆ ಒಳಗೆ ಇನ್ನೊಂದು ನಿಧಾನದ ಸರಿದಾಟ ಇದೆ. ಭೂಮಿಯ ಅಕ್ಷ ಸೋಲುತ್ತಿರುವ ಬುಗುರಿಯಂತೆ ತೂರಾಡುತ್ತದೆ. ಒಂದು ಸುತ್ತಿಗೆ ಸುಮಾರು 26,000 ವರ್ಷ ಬೇಕು. ನಮ್ಮ ಪಂಚಾಂಗ ನಕ್ಷತ್ರ ನೋಡಿ ವರ್ಷ ಎಣಿಸುತ್ತದೆ, ಇಂಗ್ಲಿಷ್ ಕ್ಯಾಲೆಂಡರ್ ಋತು ನೋಡಿ. ಎರಡರ ನಡುವೆ ವರ್ಷಕ್ಕೆ 20 ನಿಮಿಷದಷ್ಟು ವ್ಯತ್ಯಾಸ. ಹೆಚ್ಚುಕಡಿಮೆ 70 ವರ್ಷಕ್ಕೆ ಒಂದು ದಿನ. ಸ್ವಾಮಿ ವಿವೇಕಾನಂದರು ಹುಟ್ಟಿದ್ದು 1863ರ ಜನವರಿ 12, ಅವತ್ತು ಸಂಕ್ರಾಂತಿ! ಈಗ 14, 15ಕ್ಕೆ ಬಂದು ನಿಂತಿದೆ. ಉತ್ತರಾಯಣ ಶುರು ಅಂತ ನಾವು ಎಳ್ಳುಬೆಲ್ಲ ಹಂಚುತ್ತೇವೆ, ಸೂರ್ಯ ಉತ್ತರಕ್ಕೆ ತಿರುಗಿರುವುದು ಮಾತ್ರ ಡಿಸೆಂಬರ್ 22ರ ಸುಮಾರಿಗೆ. ಈ ಎರಡು ದಿನ ಒಂದೇ ಆಗಿದ್ದದ್ದು ಸುಮಾರು 1,700 ವರ್ಷದ ಹಿಂದೆ.

ನಿಮ್ಮ ಜಾತ್ರೆಯದ್ದೂ ಹೇಳಿಬಿಡುತ್ತೇನೆ. ಸಿದ್ಧೇಶ್ವರ ಅಂದರೆ 12ನೇ ಶತಮಾನದ ಸೊನ್ನಲಿಗೆ ಸಿದ್ಧರಾಮ, ಈಗಿನ ಸೋಲಾಪುರದವರು. ಕೆರೆ ಕಟ್ಟಿಸಿದವರು, ಆಮೇಲೆ ಕಲ್ಯಾಣಕ್ಕೆ ಹೋಗಿ ಶರಣರ ಜೊತೆ ಸೇರಿದವರು. ಒಬ್ಬ ಕುಂಬಾರರ ಹುಡುಗಿ ಮದುವೆ ಆದರೆ ನಿಮ್ಮನ್ನೇ ಅಂದಳಂತೆ. ಅವರು ತಮ್ಮ ಯೋಗದಂಡದ ಜೊತೆ ಅವಳ ಮದುವೆ ಮಾಡಿಸಿದರಂತೆ. ಸೋಲಾಪುರದ ಸಂಕ್ರಾಂತಿ ಜಾತ್ರೆಯಲ್ಲಿ ನಂದಿಕೋಲು ಹೊತ್ತು ಮದುವೆ ಶಾಸ್ತ್ರ ಮಾಡುವುದು ಆ ಕಥೆಯ ನೆನಪಿಗೆ. ವಿಜಯಪುರದ ಜಾತ್ರೆಯ ನಂದಿಧ್ವಜಗಳೂ ಆ ಪರಂಪರೆಯವೇ.

ಪ್ರಶ್ನೆ: ನಮ್ಮೂರು ಜಮಖಂಡಿ ಹತ್ತಿರ. ಈಗ ಬೆಂಗಳೂರಿನಲ್ಲಿ ಕಂಪನಿ ಕೆಲಸ. ಎಳ್ಳ ಅಮಾವಾಸ್ಯೆಗೆ ರಜೆ ಕೇಳಿದರೆ "ಅದೇನು ಹಬ್ಬ, ಲಿಸ್ಟಿನಲ್ಲಿ ಇಲ್ವಲ್ಲಾ" ಅಂತಾರೆ. ಏನಂತ ಹೇಳಲಿ?

ಉತ್ತರ: ತಂಗೀ, ಲಿಸ್ಟ್ ಬರುವುದಕ್ಕಿಂತ ಎಷ್ಟೋ ಮೊದಲಿನಿಂದ ಈ ಹಬ್ಬ ಇದೆ ಅಂತ ಹೇಳು. ಬಿತ್ತುವವರ ಮನೆಯ ಹಬ್ಬ ಅದು.

ನಮ್ಮ ಎರಿ ಹೊಲದಲ್ಲಿ ಹಿಂಗಾರಿ ಜೋಳ ಬಿತ್ತುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಎಳ್ಳ ಅಮಾವಾಸ್ಯೆ ಹೊತ್ತಿಗೆ, ಅಂದರೆ ಡಿಸೆಂಬರ್ ಕೊನೆ ಅಥವಾ ಜನವರಿ ಮೊದಲಿಗೆ, ಜೋಳ ಎದೆ ಮಟ್ಟ ನಿಂತಿರುತ್ತದೆ. ತೆನೆ ಹೊರಗೆ ಬರುತ್ತಿರುತ್ತದೆ. ಕಡಲೆ ಹೂ ಬಿಟ್ಟು ಕಾಯಿ ಕಟ್ಟುತ್ತಿರುತ್ತದೆ. ಗೋಧಿ, ಕುಸುಬೆ ಜೊತೆಗೇ. ಹಳ್ಳಿಯವರು ಇದನ್ನು ಭೂಮಿತಾಯಿ ಬಸುರಿಯಾದ ಹೊತ್ತು ಅಂತ ನೋಡುತ್ತಾರೆ. ಬಸುರಿಗೆ ಬಯಕೆ ಊಟ ಮಾಡಿಸುವುದೇ ಚರಗ.

ಹಿಂದಿನ ದಿನದಿಂದಲೇ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ. ಸಜ್ಜಿ ರೊಟ್ಟಿಗೆ ಎಳ್ಳು ಹಚ್ಚಿ ಕಟಿ ಮಾಡಿ ಪೇರಿಸಿ ಇಡುತ್ತಾರೆ. ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ, ಜೋಳದ ಕಡಬು, ಎಣ್ಣೆಗಾಯಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಮೊಸರು ಬುತ್ತಿ. ಎಲ್ಲ ಬುಟ್ಟಿ ತುಂಬಿ ಬಂಡಿ ಕಟ್ಟುತ್ತಾರೆ, ಈಗ ಟ್ರ್ಯಾಕ್ಟರ್. ಹೊಲದಲ್ಲಿ ಬನ್ನಿ ಗಿಡದ ಬುಡಕ್ಕೆ ಐದು ಕಲ್ಲು ಇಟ್ಟು, ಸುಣ್ಣ ಹಚ್ಚಿ, ಪಾಂಡವರು ಅಂತ ಪೂಜೆ. ಆಮೇಲೆ ಒಬ್ಬರು ಎಡೆ ಕಲಸಿದ ಬುಟ್ಟಿ ಹಿಡಿದು ಬೆಳೆಯ ಸುತ್ತ ಚೆಲ್ಲುತ್ತಾ "ಹುಲ್ಲುಲ್ಲಿಗೋ" ಅಂತ ಕೂಗುತ್ತಾ ಹೋಗುತ್ತಾರೆ, ಹಿಂದೆ ಇನ್ನೊಬ್ಬರು ತಂಬಿಗೆ ನೀರು ಚಿಮುಕಿಸುತ್ತಾ ಬರುತ್ತಾರೆ. ಚರಗ ತಿನ್ನಲು ಬಂದ ಹಕ್ಕಿ ಕಡಲೆ ಗಿಡದ ಕೀಡೆಯನ್ನೂ ಹೆಕ್ಕುತ್ತದೆ ಅಂತ ರೈತರು ಹೇಳುತ್ತಾರೆ. ಕೊನೆಗೆ ಎಲ್ಲರೂ ಕೂತು ಉಣ್ಣುವುದು. ಪಕ್ಕದ ಹೊಲದವರನ್ನು, ದಾರಿಯಲ್ಲಿ ಹೋಗುವವರನ್ನು ಕರೆಯದೆ ಯಾರೂ ಉಣ್ಣಲ್ಲ. ಜಾತಿ ನೋಡದೆ ಕರೆದು ಕೂರಿಸುವ ಊರುಗಳು ಇವೆ, ಎಲ್ಲ ಕಡೆ ಹಾಗೇ ಆಗಬೇಕು ಅಂತ ನನ್ನ ಆಸೆ.

ಕಾರಹುಣ್ಣಿಮೆಯೂ ಹೀಗೆಯೇ. ಮುಂಗಾರು ಬರುವ ಹೊತ್ತಿಗೆ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಸಂಜೆ ಕರಿ ಹರಿಯುತ್ತಾರೆ, ಅಂದರೆ ಎತ್ತುಗಳನ್ನು ಓಡಿಸುತ್ತಾರೆ. ಬಿಳಿ ಎತ್ತು ಮುಂದೆ ಬಂದರೆ ಬಿಳಿ ಬೆಳೆ, ಅಂದರೆ ಜೋಳ, ಹತ್ತಿ ಚೆನ್ನಾಗಿ ಬರುತ್ತವೆ ಅಂತ ನಂಬಿಕೆ. ಇದಾಗಿ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಸರ್ಕಾರದ ಸಾರ್ವತ್ರಿಕ ಪಟ್ಟಿಯಲ್ಲಿ ಇವು ಯಾವುವೂ ಇಲ್ಲ. ಬಾಗಲಕೋಟೆಯ ಹೋಳಿಯನ್ನೇ ನೋಡು. ಹೋಳಿಗೆ ಎಲ್ಲರಿಗೂ ಸಿಗುವ ರಜೆ ಇಲ್ಲ, ಆದರೂ ಹಲಗಿ ಸಪ್ಪಳ ಕೇಳಿಸಿತು, ಬ್ಯಾರಲ್ ತುಂಬಿದ ಬಣ್ಣದ ಬಂಡಿ ಹೊರಟವು ಅಂದರೆ ಇಡೀ ಊರೇ ಬೀದಿಯಲ್ಲಿ. ನಿನ್ನ ಹಕ್ಕಿನ ರಜೆ ಇದ್ದೇ ಇರುತ್ತದಲ್ಲ, ಒಂದನ್ನು ಎಳ್ಳ ಅಮಾವಾಸ್ಯೆಗೆ ಅಂತಲೇ ತೆಗೆದಿಡು. ಬರುವಾಗ ಆಫೀಸಿನವರಿಗೆ ಶೇಂಗಾ ಹೋಳಿಗೆ ತಂದು ಕೊಡು, ಮುಂದಿನ ವರ್ಷ ಅವರೇ ನೆನಪು ಮಾಡುತ್ತಾರೆ.

ಪ್ರಶ್ನೆ: ಬಸವನ ಬಾಗೇವಾಡಿಯಿಂದ ಬರೆಯುತ್ತಿದ್ದೇನೆ. ಬಸವ ಜಯಂತಿ ಬಸವಣ್ಣನವರ ಕಾಲದಿಂದಲೂ ಇತ್ತಾ?

ಉತ್ತರ: ಇಲ್ಲ. ಈಗ ನಾವು ಮಾಡುವ ಸಾರ್ವಜನಿಕ ಜಯಂತಿ 1913ರದ್ದು. ಶುರು ಮಾಡಿದವರು ಹರ್ಡೇಕರ್ ಮಂಜಪ್ಪ, ದಾವಣಗೆರೆಯಲ್ಲಿ. ಮೃತ್ಯುಂಜಯ ಸ್ವಾಮಿಗಳ ಬೆಂಬಲ ಅವರಿಗಿತ್ತು.

ಮಂಜಪ್ಪನವರು ಬನವಾಸಿಯವರು. ಶಾಲೆ ಮಾಸ್ತರಿಕೆ ಬಿಟ್ಟು ಪತ್ರಿಕೆ ನಡೆಸಿದರು. ಅವರ ಮೇಲೆ ತಿಲಕರ ಪ್ರಭಾವ ಬಹಳ. ತಿಲಕರು 1893ರಲ್ಲಿ ಪುಣೆಯಲ್ಲಿ ಮನೆಯ ಗಣಪತಿಯನ್ನು ಬೀದಿಗೆ ತಂದು ಜನರನ್ನು ಸೇರಿಸುವ ಹಬ್ಬ ಮಾಡಿದ್ದರು. ಬೆಳಗಾವಿಗೂ ಆ ಗಾಳಿ ಬೇಗ ಬೀಸಿತು, ಝೆಂಡಾ ಚೌಕದ ಗಣಪತಿಯನ್ನು ಊರವರು ಇವತ್ತಿಗೂ ತಿಲಕರ ಹೆಸರಿನ ಜೊತೆಗೇ ನೆನೆಯುತ್ತಾರೆ. ಹಾಗೆ ಜನ ಸೇರಿ ಒಬ್ಬ ಮಹಾತ್ಮನನ್ನು ನೆನೆದರೆ ಸಮಾಜ ಎಚ್ಚೆತ್ತುಕೊಳ್ಳುತ್ತದೆ ಅನ್ನುವುದು ಮಂಜಪ್ಪನವರ ವಿಚಾರ. ವೈಶಾಖ ಶುದ್ಧ ತದಿಗೆ, ಅಂದರೆ ಅಕ್ಷಯ ತೃತೀಯದ ದಿನ ಅದಕ್ಕೆ ಗೊತ್ತಾಯಿತು.

ನಿಮ್ಮ ತಾಲ್ಲೂಕಿನವರಿಗೆ ಗೊತ್ತಿರಲೇಬೇಕಾದ ಸಂಗತಿ ಇದು: ಈ ಮಂಜಪ್ಪನವರು ಕೊನೆಗೆ ಬಂದು ನೆಲೆಸಿ ಆಶ್ರಮ, ವಿದ್ಯಾಲಯ ಕಟ್ಟಿದ್ದು ನಿಮ್ಮ ಪಕ್ಕದ ಆಲಮಟ್ಟಿಯಲ್ಲಿ. ಕರ್ನಾಟಕದ ಗಾಂಧಿ ಅಂತ ಜನ ಕರೆದರು. ಆಲಮಟ್ಟಿಗೆ ಹೋದವರು ಡ್ಯಾಮ್ ನೋಡಿ, ಗಾರ್ಡನ್ ನೋಡಿ ಬರುತ್ತಾರೆ, ಇವರ ಹೆಸರು ಹೇಳುವವರು ಕಡಿಮೆ. ನನಗೆ ಇದು ಬಹಳ ಬೇಜಾರಿನ ವಿಷಯ. ಅದೇ ಕಾಲಕ್ಕೆ ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಮನೆ ಮನೆ ತಿರುಗಿ ವಚನದ ಓಲೆಗರಿ ಕೂಡಿಸುತ್ತಿದ್ದರು. ಜಯಂತಿಯ ದಿನ ನಾವು ಓದುವ ವಚನ ನಮ್ಮ ಕೈಗೆ ಬಂದದ್ದು ಅವರ ದುಡಿಮೆಯಿಂದ. ಜಯಂತಿ ಮೆರವಣಿಗೆಯಲ್ಲಿ ಇವರಿಬ್ಬರ ಫೋಟೊ ಕೂಡ ಇರಲಿ.

ಪ್ರಶ್ನೆ: ಇಂಡಿ ಕಡೆ ಹಳ್ಳಿ ನಮ್ಮದು. ಮೊಹರಂನಲ್ಲಿ ಪಂಜಾ ಹೊರುವವರು, ಅಲಾಯಿ ಕುಣಿಯುವವರು ನಮ್ಮೂರಲ್ಲಿ ಹಿಂದೂಗಳೇ ಜಾಸ್ತಿ. ಇದು ಹೇಗೆ ಬಂತು? ಪ್ರತಿ ವರ್ಷ ಹಬ್ಬ ಹಿಂದಕ್ಕೆ ಯಾಕೆ ಬರುತ್ತದೆ?

ಉತ್ತರ: ಎರಡನೆಯದಕ್ಕೆ ಮೊದಲು. ಹಿಜರಿ ವರ್ಷ ಪೂರ್ತಿ ಚಂದ್ರನದ್ದು, 354 ದಿನ. ನಾವು ಅಧಿಕ ಮಾಸ ಸೇರಿಸಿ ಸರಿಮಾಡಿಕೊಳ್ಳುತ್ತೇವೆ, ಅಲ್ಲಿ ಸೇರಿಸುವುದಿಲ್ಲ. ಹಾಗಾಗಿ ವರ್ಷಕ್ಕೆ 10, 11 ದಿನ ಹಿಂದೆ ಬರುತ್ತದೆ. ಸುಮಾರು 33 ವರ್ಷಕ್ಕೆ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ.

ಮೊಹರಂ ಹತ್ತನೇ ದಿನ ಇಮಾಮ್ ಹುಸೇನರು ಕರ್ಬಲಾದಲ್ಲಿ ಪ್ರಾಣ ಕೊಟ್ಟ ದಿನ, ಕ್ರಿ.ಶ. 680. ವಿಜಯಪುರದ ಆದಿಲಶಾಹಿ ಮನೆತನದ ಮೊದಲ ಅರಸ ಯೂಸುಫ್ ಶಿಯಾ ಪಂಥದವನು. ನಂತರದ ಅರಸರಲ್ಲಿ ಸುನ್ನಿಗಳೂ ಇದ್ದರು, ಆದರೆ ಹುಸೇನರ ಶೋಕದ ಆಚರಣೆ ದಖ್ಖನಿನ ಈ ರಾಜಧಾನಿಗಳಿಂದ ಹಳ್ಳಿಗಳಿಗೆ ಇಳಿಯಿತು. ಇಳಿದ ಮೇಲೆ ಅದು ಹಳ್ಳಿಯವರದ್ದೇ ಆಯಿತು. ಅನ್ಯಾಯಕ್ಕೆ ತಲೆ ಬಾಗದೆ ಸತ್ತವರ ಕಥೆ ಯಾರಿಗೆ ನಾಟುವುದಿಲ್ಲ! ಹಳ್ಳಿಯ ಹಾಡುಗಾರರು ಕನ್ನಡದಲ್ಲೇ ಮೊಹರಂ ಪದ ಕಟ್ಟಿದರು, ಹೆಜ್ಜೆ ಮೇಳ ಕಟ್ಟಿದರು. ಮುಸ್ಲಿಮರ ಮನೆ ಒಂದೂ ಇಲ್ಲದ ಊರಲ್ಲೂ ಅಲಾಯಿ ಕುಣಿ ತೋಡಿ ಬೆಂಕಿ ಹಾಕುತ್ತಾರೆ, ಮಾಲದಿ ಅನ್ನುವ ಸಿಹಿ ಎಡೆ ಒಯ್ದು ಓದಿಕೆ ಮಾಡಿಸುತ್ತಾರೆ. ದಯವಿಟ್ಟು ನಿಮ್ಮೂರಲ್ಲಿ ಇದನ್ನು ಬಿಡಬೇಡಿ. ಹಿರಿಯರ ಬಾಯಲ್ಲಿರುವ ಪದಗಳನ್ನು ಮೊಬೈಲಿನಲ್ಲಾದರೂ ಹಿಡಿದಿಡಿ.

ಪ್ರಶ್ನೆ: ಬೆಳಗಾವಿ ಟಿಳಕವಾಡಿಯಿಂದ. ನಮ್ಮಜ್ಜ "ನಾವು ಮೊದಲು ಮುಂಬೈ ಸರ್ಕಾರದವರು" ಅಂತಿದ್ದರು. ರಾಜ್ಯೋತ್ಸವ ಇಲ್ಲಿ ಇಷ್ಟು ಜೋರಾಗಿ ಆಗುವುದಕ್ಕೂ ಅದಕ್ಕೂ ಸಂಬಂಧ ಇದೆಯಾ?

ಉತ್ತರ: ಇದೆ, ಬಹಳ ಇದೆ. 1956ರ ನವೆಂಬರ್ 1ರ ತನಕ ಬೆಳಗಾವಿ, ವಿಜಯಪುರ, ಧಾರವಾಡ, ಉತ್ತರ ಕನ್ನಡ ಮುಂಬೈ ರಾಜ್ಯದ ಜಿಲ್ಲೆಗಳು. ಬಾಗಲಕೋಟೆ ಆಗ ವಿಜಯಪುರದ ಒಳಗೇ ಇತ್ತು, ಬೇರೆ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೂ ಹಿಂದೆ ಜಮಖಂಡಿ, ಮುಧೋಳ, ರಾಮದುರ್ಗ ಎಲ್ಲ ಬೇರೆ ಬೇರೆ ಸಂಸ್ಥಾನ. 1948ರಲ್ಲಿ ಅವು ಮುಂಬೈ ಪ್ರಾಂತಕ್ಕೆ ಸೇರಿದವು. ಹಳೆ ಮೈಸೂರಿನವರಿಗೆ ನವೆಂಬರ್ 1 ಅಂದರೆ ಇದ್ದ ರಾಜ್ಯ ದೊಡ್ಡದಾದ ದಿನ. ನಮಗೆ ಹಾಗಲ್ಲ. ಕಚೇರಿಯ ಕಾಗದ ಮರಾಠಿಯಲ್ಲಿ ಬರುತ್ತಿದ್ದ ಊರುಗಳಿಗೆ ಕನ್ನಡದ ಸರ್ಕಾರ ಬಂದ ದಿನ ಅದು.

ಅದು ತಾನಾಗಿ ಬರಲಿಲ್ಲ. ವಿಜಯಪುರದಲ್ಲಿ ಹುಟ್ಟಿದ ಆಲೂರು ವೆಂಕಟರಾಯರು ಜೀವಮಾನವೆಲ್ಲ ಇದಕ್ಕೇ ಓಡಾಡಿದರು. 1924ರ ಡಿಸೆಂಬರಿನಲ್ಲಿ ನಿಮ್ಮ ಟಿಳಕವಾಡಿಯಲ್ಲೇ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಅಧಿವೇಶನ ಅದು. ಅಲ್ಲಿಗೆ ಬಂದವರಿಗೆ ನೀರಿಗೆ ಅಂತ ತೋಡಿದ ಕಾಂಗ್ರೆಸ್ ಬಾವಿ ಈಗಲೂ ಇದೆ, ನೀವು ದಿನಾ ಅದರ ಪಕ್ಕದಲ್ಲೇ ಓಡಾಡುತ್ತಿರಬಹುದು. ಅದೇ ಹೊತ್ತಿಗೆ ಅಲ್ಲೇ ಕರ್ನಾಟಕ ಏಕೀಕರಣ ಪರಿಷತ್ತೂ ಸೇರಿತು, ಅಧ್ಯಕ್ಷರು ಸಿದ್ದಪ್ಪ ಕಂಬಳಿ. ಅಲ್ಲಿಂದ ರಾಜ್ಯ ಒಂದಾಗಲು 32 ವರ್ಷ ಹಿಡಿಯಿತು. ರಾಜ್ಯಗಳ ಪುನರ್ವಿಂಗಡಣೆಗೆ ನೇಮಿಸಿದ ಫಜಲ್ ಅಲಿ ಆಯೋಗ 1955ರಲ್ಲಿ ವರದಿ ಕೊಟ್ಟಿತು. ಮರುವರ್ಷ ಕಾನೂನು ಬಂತು. ಬೆಳಗಾವಿ ಜಿಲ್ಲೆಯ ಚಂದಗಡ ಭಾಗ ಮಾತ್ರ ಮುಂಬೈಯಲ್ಲೇ ಉಳಿಯಿತು. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದದ್ದು 1973ರ ನವೆಂಬರ್ 1ಕ್ಕೆ.

ಅದೇ ನವೆಂಬರ್ 1ನ್ನು, ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕು ಅನ್ನುವ ಮಹಾರಾಷ್ಟ್ರ ಏಕೀಕರಣ ಸಮಿತಿಯವರು ಕರಾಳ ದಿನ ಅಂತ ಮಾಡುತ್ತಾ ಬಂದಿದ್ದಾರೆ. ಅದರ ಬೇರೂ 1956ರಲ್ಲೇ ಇದೆ. ಗಡಿ ತಕರಾರು ಬಿಡಿಸಲು 1966ರಲ್ಲಿ ನೇಮಕವಾದ ಮಹಾಜನ ಆಯೋಗ ಬೆಳಗಾವಿ ನಗರ ಇಲ್ಲೇ ಇರಬೇಕು ಅಂದಿತು. ಈ ಎಳೆದಾಟ ನೋಡಿದವರಿಗೆ ಚೆನ್ನಮ್ಮ ವೃತ್ತದಲ್ಲಿ ರಾತ್ರಿ ಹನ್ನೆರಡಕ್ಕೇ ಜನ ಯಾಕೆ ಸೇರುತ್ತಾರೆ, ಕೆಂಪು ಹಳದಿ ಬಾವುಟ ಹಿಡಿದು ಹಳ್ಳಿಗಳಿಂದ ಯಾಕೆ ಬರುತ್ತಾರೆ ಅನ್ನುವುದು ತಿಳಿಯುತ್ತದೆ. ಒಂದೇ ಓಣಿಯಲ್ಲಿ ಕನ್ನಡ, ಮರಾಠಿ, ಉರ್ದು ಮಾತಾಡಿಕೊಂಡು ಬೆಳೆದ ಊರು ಇದು. ಮೆರವಣಿಗೆ ಜೋರಾಗೇ ಇರಲಿ, ಪಕ್ಕದ ಮನೆಯವರ ಜೊತೆ ಮಾತು ಮಾತ್ರ ನಿಲ್ಲದಿರಲಿ.

ಪ್ರಶ್ನೆ: ಮುಧೋಳ ತಾಲ್ಲೂಕಿನಲ್ಲಿ ಸಕ್ಕರೆ ಕಾರ್ಖಾನೆ ಕೆಲಸ. ಭಾನುವಾರದ ರಜೆ ಯಾರು ಕೊಟ್ಟದ್ದು? ನಮಗೆ ವರ್ಷಕ್ಕೆ ಕಾನೂನಿನಂತೆ ಎಷ್ಟು ಹಬ್ಬದ ರಜೆ?

ಉತ್ತರ: ಕೊಟ್ಟದ್ದಲ್ಲ ಅಣ್ಣಾರೇ, ಕೇಳಿ ಪಡೆದದ್ದು. ಇಂಗ್ಲಿಷ್ ಅಧಿಕಾರಿಗಳಿಗೆ ಭಾನುವಾರ ಚರ್ಚಿನ ದಿನ, ಅವರ ಕಚೇರಿಗೆ ರಜೆ ಇತ್ತು. ಮುಂಬೈ ಗಿರಣಿ ಕಾರ್ಮಿಕರಿಗೆ ಇರಲಿಲ್ಲ. ನಾರಾಯಣ ಮೇಘಾಜಿ ಲೋಖಂಡೆ ಅವರು ಕಾರ್ಮಿಕರನ್ನು ಸೇರಿಸಿ ವರ್ಷಗಟ್ಟಲೆ ಹೋರಾಡಿದರು. ಜ್ಯೋತಿಬಾ ಫುಲೆಯವರ ಸತ್ಯಶೋಧಕ ಸಮಾಜದವರು ಅವರು. 1890ರ ಜೂನಿನಲ್ಲಿ ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. 1891ರ ಕಾರ್ಖಾನೆ ಕಾಯ್ದೆಯಲ್ಲಿ ವಾರದ ರಜೆ ಸೇರಿತು.

ಹಬ್ಬದ ರಜೆಗೆ ನಮ್ಮ ರಾಜ್ಯದಲ್ಲಿ 1963ರ ಕಾಯ್ದೆ ಇದೆ, ಕೈಗಾರಿಕಾ ಸಂಸ್ಥೆಗಳ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳದ್ದು. ಐದು ದಿನ ಯಾರೂ ತಪ್ಪಿಸುವಂತಿಲ್ಲ: ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1. ಇವುಗಳ ಮೇಲೆ ಇನ್ನೂ ಐದು ಹಬ್ಬದ ರಜೆ. ಆ ಐದು ಯಾವುವು ಅಂತ ಗೊತ್ತು ಮಾಡುವಾಗ ಕಾರ್ಮಿಕರ ಮಾತಿಗೂ ಜಾಗ ಇದೆ. ನಿಮ್ಮ ಕಡೆ ಕಾರಹುಣ್ಣಿಮೆ ಇಲ್ಲವೇ ಎಳ್ಳ ಅಮಾವಾಸ್ಯೆ ಬೇಕು ಅನಿಸಿದರೆ ಹೊಸ ವರ್ಷದ ಪಟ್ಟಿ ಗೋಡೆಗೆ ಬೀಳುವ ಮೊದಲೇ ಎಲ್ಲರೂ ಸೇರಿ ಬರೆದು ಕೊಡಿ. ಕಬ್ಬು ನುರಿಸುವ ಹಂಗಾಮಿನಲ್ಲಿ ಮಿಲ್ಲು ನಿಲ್ಲಿಸಲಾಗದು ಅಂದರೆ, ಆ ದಿನದ ದುಡಿಮೆಗೆ ಎರಡು ಪಟ್ಟು ಪಗಾರ, ಇಲ್ಲವೇ ಪಗಾರದ ಜೊತೆ ಬದಲಿ ರಜೆ ಕೇಳುವ ಹಕ್ಕು ಅದೇ ಕಾಯ್ದೆಯಲ್ಲಿದೆ.